ಬ್ರಾವೋ ಎಂದದ್ದು ನಿಜ

ಯಾರದು, ‘ಕಾಕನಿಗೆ ವಯಸ್ಸಾಯಿತು, ಕತೆಗೆ ಮಸಾಲೆ ಹಾಕುತ್ತಾರೆ’ ಎಂದು ಗ್ರೂಪಿನಲ್ಲಿ ಬರೆದು ಕೆಳಗೆ ನಗುವ ಮುಖ ಅಂಟಿಸಿದ್ದು? ಹೆಸರು ಹೇಳುವುದಿಲ್ಲ, ಅವನಿಗೇ ಗೊತ್ತಿದೆ. ನಿನ್ನೆ ತಿಂದ ಮೀನು ಯಾವುದೆಂದು ಕೇಳಿದರೆ ಫೋನಿನಲ್ಲಿ ಫೋಟೋ ಹುಡುಕುವ ಜನ ನೀವು, ನನ್ನ ನೆನಪನ್ನು ಅಳೆಯಲು ಹೊರಟಿರಾ? ಒಮಾನಿನ ಈ ಬರ್ಕಾ ಪೇಟೆಯಲ್ಲಿ ಈಗ ಆ ದೊಡ್ಡ ಸೂಪರ್ ಮಾರ್ಕೆಟ್ ಇದೆಯಲ್ಲ, ಅಲ್ಲಿ ಮೊದಲು ಏನಿತ್ತು, ಅದರೆದುರು ಯಾರ ಆಡು ಕಟ್ಟಿರುತ್ತಿತ್ತು, ಆ ಆಡಿನ ಯಾವ ಕೊಂಬು ಮುರಿದಿತ್ತು, ಎಲ್ಲ ಹೇಳಬಲ್ಲೆ. ಮುದುಕ ಬ್ರಾವೋ ಎಂದದ್ದು ನಿಜ. ಗ್ಲಾಡ್ವಿನ್ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಚಹಾ ತಣ್ಣಗಾಗಿಸಿಕೊಂಡು ಹೇಳಿದ್ದು. ಅವನು ಸುಳ್ಳು ಹೇಳಿದ್ದಾನೆ, ಒಪ್ಪಿದೆ. ಅದು ಇದಲ್ಲ. ಇನ್ನು ಬಾಯಿ ಮುಚ್ಚಿ ಕೇಳಿ. ವಾಯ್ಸ್ ನೋಟನ್ನು ಎರಡು ಪಟ್ಟು ವೇಗದಲ್ಲಿ ಓಡಿಸಬೇಡಿ. ಇದು ಸಾವಿನ ವಿಷಯ, ಅದರ ನಡಿಗೆಯಲ್ಲೇ ಕೇಳಬೇಕು.

ಗ್ಲಾಡ್ವಿನ್ ಮಂಗಳೂರಿನ ಕುಲಶೇಖರದವನು. ಮೊದಲು ಮಸ್ಕತ್ತಿನ ಹಮ್ರಿಯಾದಲ್ಲಿ ರೂಮು ಮಾಡಿಕೊಂಡು ಯಾವುದೋ ಕಂಪನಿಯ ಬಸ್ಸು ಓಡಿಸುತ್ತಿದ್ದ. ಆಮೇಲೆ ಬರ್ಕಾದ ಫುಟ್‌ಬಾಲ್ ಕ್ಲಬ್ಬಿಗೆ ಬಂದ. ದೊಡ್ಡ ಕ್ಲಬ್ಬೇನೂ ಅಲ್ಲ, ಎರಡನೇ ದರ್ಜೆಯದ್ದು. ಆಟಗಾರರ ಬಸ್ಸು ಓಡಿಸುವವನೂ ಅವನೇ, ಜರ್ಸಿ ಒಗೆಸುವವನೂ ಅವನೇ, ಐಸ್ ಪೆಟ್ಟಿಗೆ ಹೊರುವವನೂ ಅವನೇ. ಆಫೀಸಿನಲ್ಲಿ ಶರ್ಫುದ್ದೀನ್ ಇದ್ದ, ಉಳ್ಳಾಲದ ಬ್ಯಾರಿ. ವೀಸಾ, ಟಿಕೆಟ್, ಹೋಟೆಲು ಎಲ್ಲ ಅವನ ಕೈಯಲ್ಲಿ. ಇವನು ಅವನನ್ನು ‘ಬ್ಯಾರಿಗಳೇ’ ಎನ್ನುವುದು, ಅವನು ಕ್ರೈಸ್ತನಾದ ಇವನನ್ನು ‘ಪೊರ್ಬುಗಳೇ’ ಎನ್ನುವುದು. ಇಬ್ಬರೂ ಬೆಳಗಾದರೆ ಜಗಳವಾಡುವವರು, ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಬಿರಿಯಾನಿ ತಿನ್ನುವವರು.

ಒಂದು ದಿನ ಶರ್ಫುದ್ದೀನ್, “ಪೊರ್ಬುಗಳೇ, ಇಟಲಿಯಿಂದ ಆಂಡ್ರಿಯಾ ಅಂತ ಬರ್ತಾ ಉಂಟು, ಏರ್‌ಪೋರ್ಟಿಗೆ ಹೋಗಿ” ಎಂದ. ಗ್ಲಾಡ್ವಿನ್‌ನ ತಂಗಿಯ ಮಗಳ ಹೆಸರೂ ಆಂಡ್ರಿಯಾ. ಕ್ಲಬ್ಬಿಗೆ ಯಾರೋ ಹೆಣ್ಣು ಡಾಕ್ಟರು ಬರುತ್ತಿರಬೇಕು ಎಂದುಕೊಂಡು ಇವನು ಕಾರು ತೊಳೆದ, ಇಸ್ತ್ರಿ ಅಂಗಿ ಹಾಕಿದ, ಸೆಂಟು ಹೊಡೆದುಕೊಂಡ, ಬೋರ್ಡು ಹಿಡಿದು ನಿಂತ. ಬೋರ್ಡಿನ ಎದುರು ಬಂದು ನಿಂತದ್ದು ಬಾಗಿಲಷ್ಟು ಅಗಲದ ಗಂಡಸು. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ, ಬಲಗಾಲು ಸ್ವಲ್ಪ ಎಳೆಯುತ್ತಿತ್ತು.

“ನಾನು ಆಂಡ್ರಿಯಾ.”

“ದೇವಾ, ಸೆಂಟು ದಂಡ ಆಯ್ತಲ್ಲ,” ಎಂದು ಗ್ಲಾಡ್ವಿನ್ ಕೊಂಕಣಿಯಲ್ಲಿ ಗೊಣಗಿ ಅವನ ಪೆಟ್ಟಿಗೆ ಎತ್ತಿಕೊಂಡ.

ಅವನು ಡಿಫೆಂಡರ್. ಗೋಲು ಹೊಡೆಯುವವನಲ್ಲ, ಹೊಡೆಯಲು ಬಂದವನನ್ನು ತಡೆಯುವವನು. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊರುತ್ತಾರೆ. ತಡೆದವನನ್ನು ಯಾರು ಹೊತ್ತದ್ದುಂಟು? ಏನೂ ಆಗದ ಹಾಗೆ ನೋಡಿಕೊಳ್ಳುವುದೇ ಅವನ ಕೆಲಸ. ಗ್ಲಾಡ್ವಿನ್‌ಗೆ ಇದು ಬೇಗ ಅರ್ಥವಾಯಿತು, ಏಕೆಂದರೆ ಅವನು ಬಸ್ಸಿನ ಡ್ರೈವರ್. ಒಳ್ಳೆಯ ಡ್ರೈವರ್ ಯಾರು? ಹಿಂದೆ ಕೂತವರೆಲ್ಲ ನಿದ್ದೆ ಮಾಡುವ ಹಾಗೆ ಓಡಿಸುವವನು. ಊರು ಬಂದಾಗ ಇಳಿದು ಹೋಗುತ್ತಾರೆ, ಥ್ಯಾಂಕ್ಸ್ ಎನ್ನುವುದೂ ಇಲ್ಲ. ಒಂದು ಸಲ ಹೊಂಡಕ್ಕೆ ಇಳಿಸಿದೆಯೋ, ಆಮೇಲೆ ಸಾಯುವ ತನಕ ನೀನು ಹೊಂಡಕ್ಕೆ ಇಳಿಸಿದವನು.

ಆಂಡ್ರಿಯಾ ಹೊಂಡಕ್ಕೆ ಇಳಿಸಿದ್ದ. ಅದನ್ನು ಅವನೇ ಹೇಳಿದ್ದು, ಬರ್ಕಾದ ಕಡಲ ತಡಿಯಲ್ಲಿ, ಕವುಚಿ ಹಾಕಿದ ದೋಣಿಯ ಮೇಲೆ ಕೂತು. ಆಟದ ಮರುದಿನ ಸಂಜೆ ಮೊಣಕಾಲಿಗೆ ಐಸು ಕಟ್ಟಿಕೊಂಡು ಅಲ್ಲಿ ಕೂರುವುದು ಅವನ ಅಭ್ಯಾಸ, ಐಸು ತರುವುದು ಗ್ಲಾಡ್ವಿನ್‌ನ ಕೆಲಸ. ಇಬ್ಬರದ್ದೂ ಮುರುಕು ಇಂಗ್ಲಿಷು. ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೂ ಅರ್ಥವಾಗದು.

“ಈ ಮೊಣಕಾಲು ಇಟ್ಟುಕೊಂಡು ಎಂತಕ್ಕೆ ಇನ್ನೂ ಆಡುವುದು ಮಾರಾಯ? ಮನೆಗೆ ಹೋಗಿ ಅಪ್ಪನ ಒಟ್ಟಿಗೆ ಇರಬಾರದಾ?” ಎಂದು ಗ್ಲಾಡ್ವಿನ್ ಕೇಳಿದ.

“ಅಪ್ಪನಿಗಾಗಿಯೇ ಆಡುವುದು.”

ಹುಡುಗನಾಗಿದ್ದಾಗಿನಿಂದ ಅವನ ಪ್ರತಿಯೊಂದು ಆಟಕ್ಕೂ ಅಪ್ಪ ಬಂದು ಕೂರುತ್ತಿದ್ದನಂತೆ. ಅಪ್ಪ ಯಾವುದೋ ಕಾರ್ಖಾನೆಯ ಕೆಲಸಗಾರ, ಮೈಯೆಲ್ಲ ಧೂಳು. ಮಗ ಚೆಂಡು ತಡೆದಾಗ ಕಂಬಿಗೆ ಕೈ ಬಡಿದು, “ಬ್ರಾವೋ ಆಂಡ್ರಿಯಾ!” ಎಂದು ಕೂಗುತ್ತಿದ್ದ. ಬ್ರಾವೋ ಎಂದರೆ ಶಾಭಾಸ್. ಸಣ್ಣ ಊರಿನ ಮೈದಾನದಿಂದ ದೊಡ್ಡ ಊರಿನ ಮೈದಾನಕ್ಕೆ, ಅಲ್ಲಿಂದ ಇನ್ನೂ ದೊಡ್ಡದಕ್ಕೆ ಹೋದರೂ ಅಪ್ಪನ ಆ ಕೂಗು ಜನರ ಗದ್ದಲದ ಮೇಲೆ ಕೇಳುತ್ತಿತ್ತಂತೆ. ಕಡೆಗೆ ಇಟಲಿಯ ಅತಿ ಮೇಲಿನ ದರ್ಜೆಗೂ ಹೋದ. ಒಂದೇ ಒಂದು ವರ್ಷ. ಆ ವರ್ಷದ ಕೊನೆಯ ಆಟದಲ್ಲಿ ಸಮ ಮಾಡಿಕೊಂಡರೂ ಸಾಕಿತ್ತು, ತಂಡ ಉಳಿಯುತ್ತಿತ್ತು. ಅಡ್ಡ ಬಂದ ಚೆಂಡನ್ನು ಹೊರಗೆ ತಳ್ಳಲೆಂದು ಇವನು ಕಾಲು ಚಾಚಿದ. ಚೆಂಡು ಬೂಟಿನ ಅಂಚಿಗೆ ತಾಗಿ ತನ್ನದೇ ಗೋಲಿನ ಒಳಗೆ ಹೋಯಿತು. ಇಡೀ ತಂಡ ಕೆಳಗಿನ ದರ್ಜೆಗೆ ಬಿತ್ತು. ಜನ ಅವನ ಕಾರಿಗೆ ಮೊಟ್ಟೆ ಎಸೆದರು, ತಂಗಿಯ ಅಂಗಡಿಯ ಗಾಜಿಗೆ ಬಣ್ಣ ಬಳಿದರು, ಫೋನಿಗೆ ಹೊಲಸು ಬೈಗುಳ ಕಳಿಸಿದರು. ಅಂದೇ ಅವನು ಫೇಸ್‌ಬುಕ್ಕು ಗೀಸ್‌ಬುಕ್ಕು ಎಲ್ಲದರಿಂದ ಹೊರಗೆ ಬಂದವನು, ಮತ್ತೆ ಹೋಗಲಿಲ್ಲ.

“ಮೊಟ್ಟೆ ತೊಳೆದರೆ ಹೋಗ್ತದೆ,” ಎಂದ ಆಂಡ್ರಿಯಾ. “ಆ ದಿನ ಅಪ್ಪ ಎದ್ದು ಮನೆಗೆ ನಡೆದ. ಬೈಯಲಿಲ್ಲ. ಮುಂದಿನ ಆಟಕ್ಕೂ ಬಂದ, ಅದರ ಮುಂದಿನದಕ್ಕೂ ಬಂದ. ಆದರೆ ಬಾಯಿ ತೆರೆಯಲಿಲ್ಲ. ಆಟ ಮುಗಿದರೆ ‘ಊಟ ಮಾಡಿದೆಯಾ’ ಅಂತ ಕೇಳ್ತಾನೆ, ಅಷ್ಟೇ. ಅಲ್ಲಿಂದ ಕೆಳಗಿನ ದರ್ಜೆ, ಇನ್ನೂ ಕೆಳಗಿನದ್ದು, ಆಮೇಲೆ ಗ್ರೀಸ್, ಮಾಲ್ಟಾ, ಈಗ ನಿಮ್ಮ ಬರ್ಕಾ. ಇನ್ನೊಮ್ಮೆ ಆ ಮಾತು ಅಂದುಬಿಟ್ಟರೆ ಖಲಾಸ್. ಬೂಟು ಕಡಲಿಗೆ ಎಸೆದು ಮನೆಗೆ ಹೋಗ್ತೇನೆ.”

ಗ್ಲಾಡ್ವಿನ್, “ಬೂಟು ಎಸೆಯಬೇಡ, ನನಗೆ ಕೊಡು, ಊರಲ್ಲಿ ಯಾರಿಗಾದ್ರೂ ಆಗ್ತದೆ,” ಎಂದ. ಇಬ್ಬರೂ ನಕ್ಕರು. ಈ ಮಾತುಕತೆ ನೆನಪಿಟ್ಟುಕೊಳ್ಳಿ. ಆಂಡ್ರಿಯಾ ಯಾವ ಮಾತಿಗೆ ಕಾಯುತ್ತಿದ್ದಾನೆ ಎಂಬುದು ಇಡೀ ಒಮಾನಿನಲ್ಲಿ ಗ್ಲಾಡ್ವಿನ್ ಒಬ್ಬನಿಗೇ ಗೊತ್ತಿತ್ತು. ಅದೇ ಆಮೇಲೆ ಅವನ ಕುತ್ತಿಗೆಗೆ ಬಂತು.

ಅಪ್ಪನಿಗೆ ಹೃದಯದ ಕಾಯಿಲೆ, ವಿಮಾನ ಹತ್ತುವ ಹಾಗಿಲ್ಲ. ಎರಡನೇ ದರ್ಜೆಯ ಆಟ ಟೀವಿಯಲ್ಲಿ ಬರುವುದಿಲ್ಲ. ಹಾಗಾಗಿ ಒಂದು ಉಪಾಯ ಮಾಡಿಕೊಂಡಿದ್ದರು. ಆಟದ ಹೊತ್ತಿನಲ್ಲಿ ಎಲ್ಲ ಆಟಗಾರರ ಫೋನು ಗ್ಲಾಡ್ವಿನ್‌ನ ಚೀಲಕ್ಕೆ ಹೋಗಬೇಕು, ಅದು ಕ್ಲಬ್ಬಿನ ಕಾನೂನು. ಆಂಡ್ರಿಯಾನ ಫೋನು ಮಾತ್ರ ಚೀಲಕ್ಕೆ ಹೋಗುತ್ತಿರಲಿಲ್ಲ. ಅದರಲ್ಲಿ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿ, ಗ್ಲಾಡ್ವಿನ್ ಐಸ್ ಪೆಟ್ಟಿಗೆಯ ಮೇಲೆ ಕೂತು ಮೈದಾನದ ಕಡೆ ಎತ್ತಿ ಹಿಡಿಯುವುದು. ಅತ್ತ ಮುದುಕ ಅಡಿಗೆಮನೆಯ ಮೇಜಿನ ಮೇಲೆ ಬಾಟಲಿಗೆ ಫೋನು ಒರಗಿಸಿಕೊಂಡು ಕೂರುತ್ತಿದ್ದ. ಇವನಿಗೆ ಕಾಣುತ್ತಿದ್ದದ್ದು ಅರ್ಧ ಗಲ್ಲ, ಒಂದು ಕಿವಿ, ಹಿಂದೆ ಒಂದು ಕಿಟಕಿ. ಆಟದ ನಡುವೆ ಆಂಡ್ರಿಯಾ ಒಂದೊಂದು ಸಲ ತಿರುಗಿ ಫೋನಿನ ಕಡೆ ಹೆಬ್ಬೆರಳು ಎತ್ತುತ್ತಿದ್ದ. ಆಗ ಗ್ಲಾಡ್ವಿನ್ ಫೋನನ್ನು ಇನ್ನೂ ಮೇಲಕ್ಕೆ ಎತ್ತುವುದು.

ಮುದುಕನ ಹೆಸರು ಚಿಪ್ರಿಯಾನೋ. “ಅಂದ್ರೆ ನಮ್ಮ ಸಿಪ್ರಿಯನ್!” ಎಂದು ಗ್ಲಾಡ್ವಿನ್ ಕುಣಿದಾಡಿದ. ಅವನ ಸ್ವಂತ ಬಾಪ್ಪುವಿನ, ಎಂದರೆ ಚಿಕ್ಕಪ್ಪನ, ಹೆಸರೂ ಅದೇ. ಅಂದಿನಿಂದ ಇಟಲಿಯ ಮುದುಕ ಇವನಿಗೆ ಸಿಪ್ರಿಯನ್ ಬಾಪ್ಪು ಆದ. ಭಾಷೆ ಇಲ್ಲ ಗೀಷೆ ಇಲ್ಲ. ಇವನು ಕೊಂಕಣಿಯಲ್ಲಿ ಹೇಳುವುದು, ಅವನು ಇಟಾಲಿಯನ್‌ನಲ್ಲಿ ಗೊಣಗುವುದು. ಮುದುಕ ಒಂದು ದಿನ ನಿಂಬೆಹಣ್ಣಿನ ಗಾತ್ರ ತೋರಿಸಿದರೆ ಇನ್ನೊಂದು ದಿನ ಕಿಟಕಿಯಾಚೆಯ ಮಳೆ ತೋರಿಸುವುದು. ಶರ್ಫುದ್ದೀನ್ ಹಾದು ಹೋಗುತ್ತಾ, “ಪೊರ್ಬುಗಳೇ, ಸಂಬಂಧ ಕುದುರಿತಾ? ಮದುವೆ ಯಾವಾಗ?” ಎಂದು ಕೆಣಕುತ್ತಿದ್ದ.

ಕೊನೆಯ ಆಟದ ದಿನಕ್ಕೆ ಬರುತ್ತೇನೆ. ಸಮ ಮಾಡಿಕೊಂಡರೆ ಸಾಕು, ಬರ್ಕಾದ ಕ್ಲಬ್ಬು ಮೇಲಿನ ದರ್ಜೆಗೆ ಹತ್ತುತ್ತದೆ. ನೋಡಿ ವಿಧಿಯನ್ನು, ಅಂದು ಬೀಳಿಸಿದವನ ಕೈಗೇ ಇಂದು ಹತ್ತಿಸುವ ಕೆಲಸ ಕೊಟ್ಟಿತು. ಆಂಡ್ರಿಯಾನ ಮೊಣಕಾಲಿಗೆ ಬೆಳಿಗ್ಗೆ ಇಂಜೆಕ್ಷನ್ ಆಗಿತ್ತು. ಡಾಕ್ಟರು, ಇದೇ ಕೊನೆ, ಇನ್ನು ಆಡಿದರೆ ಕೋಲು ಹಿಡಿಯುತ್ತೀ ಎಂದಿದ್ದರು. ಸಂಜೆಯ ಬಿಸಿಲು ಇನ್ನೂ ಇತ್ತು. ಇಟಲಿಯಲ್ಲಿ ಆಗ ಮಧ್ಯಾಹ್ನದ ಊಟ ಮುಗಿದ ಹೊತ್ತು.

ಮೊದಲರ್ಧ ಮುಗಿಯುವ ಹೊತ್ತಿಗೆ ಎದುರು ತಂಡದ ಹುಡುಗ ಒಬ್ಬ ಗಾಳಿಯ ಹಾಗೆ ನುಗ್ಗಿ ಬಂದ. ಗೋಲ್‌ಕೀಪರನ್ನೂ ದಾಟಿದ. ಮುಂದೆ ತೆರೆದ ಗೋಲು. ಹೊಡೆದೇ ಬಿಟ್ಟ. ಎಲ್ಲಿಂದ ಬಂದನೋ ಆಂಡ್ರಿಯಾ, ನೆಲಕ್ಕೆ ಬಿದ್ದು, ಗೆರೆಯ ಮೇಲೆ ಎದೆ ಕೊಟ್ಟು ಚೆಂಡು ನಿಲ್ಲಿಸಿದ. ತಲೆ ಕಂಬಕ್ಕೆ ತಾಗಿದ ಸದ್ದು ಐಸ್ ಪೆಟ್ಟಿಗೆಯ ತನಕ ಕೇಳಿತು. ಆ ಗಳಿಗೆಯಲ್ಲಿ ಗ್ಲಾಡ್ವಿನ್‌ನ ಕೈಯಲ್ಲಿದ್ದ ಫೋನಿನಿಂದ ಮೇಜು ಗುದ್ದಿದ ಶಬ್ದ ಬಂತು. ಆಮೇಲೆ ಕೂಗು.

“ಬ್ರಾವೋ! ಬ್ರಾವೋ ಆಂಡ್ರಿಯಾ!”

ಗ್ಲಾಡ್ವಿನ್ ಫೋನು ತಿರುಗಿಸಿ ನೋಡಿದ. ಮುದುಕ ಎದ್ದು ನಿಂತಿದ್ದ. ಕಣ್ಣು ಒದ್ದೆ. ಇನ್ನೇನೋ ಒಂದು ಮಾತನ್ನು ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹೇಳಿದ: “ನೆಯಾಂಕೆ ಊನಾ ಪಿಯಾಸ್ತ್ರೆಲ್ಲಾ.” ಮತ್ತೊಮ್ಮೆ ಅದನ್ನೇ ಹೇಳಿ ನಕ್ಕ. ಗ್ಲಾಡ್ವಿನ್‌ಗೆ ತಲೆಬುಡ ತಿಳಿಯಲಿಲ್ಲ, ಆದರೆ ಕಿವಿಯಲ್ಲಿ ಕೂತಿತು. ಲ್ಯಾಟಿನ್ ಪೂಜೆಯ ಪ್ರಾರ್ಥನೆಗಳನ್ನು ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದ ಅಜ್ಜಿಯ ಮೊಮ್ಮಗ ಅವನು. ಮುದುಕ ಕುರ್ಚಿಗೆ ಒರಗಿದ. ಬಾಟಲಿ ಜಾರಿತೋ ಏನೋ, ಫೋನು ಕವುಚಿ ಬಿದ್ದು ಪರದೆ ಕಪ್ಪಾಯಿತು. ಹಾಗೆ ಬೀಳುವುದು ಇತ್ತು. “ಬಾಪ್ಪು, ಫೋನ್ ಎತ್ತಿ,” ಎಂದು ಇವನು ಕರೆದ. ಉತ್ತರ ಇಲ್ಲ.

ಅರ್ಧ ಸಮಯದ ಸೀಟಿ ಊದಿದರು. ಆಟಗಾರರು ಒಳಗೆ ಹೋಗುತ್ತಿದ್ದಾಗ ಫೋನಿನಿಂದ ಒಂದು ಹೆಂಗಸಿನ ಕಿರುಚಾಟ ಕೇಳಿತು. ಪರದೆಯಲ್ಲಿ ಆಂಡ್ರಿಯಾನ ತಂಗಿಯ ಮುಖ ಬಂತು. ಅವಳು ಅಪ್ಪನ ಹೆಸರು ಹೇಳಿದಳು, ತಲೆ ಬಡಿದುಕೊಂಡಳು, ಕ್ಯಾಮೆರಾವನ್ನು ಕುರ್ಚಿಯ ಕಡೆ ತಿರುಗಿಸಿದಳು. ಯಾವ ಭಾಷೆಯೂ ಬೇಕಿರಲಿಲ್ಲ.

ಗ್ಲಾಡ್ವಿನ್ ಓಡಿ ಶರ್ಫುದ್ದೀನ್‌ನನ್ನು ಗೋಡೆಯ ಹಿಂದಕ್ಕೆ ಎಳೆದ.

“ಬ್ಯಾರಿಗಳೇ, ಬಾಪ್ಪು ಹೋದ್ರು. ಈಗ, ನನ್ನ ಕೈಯಲ್ಲೇ.”

“ಇನ್ನಾಲಿಲ್ಲಾಹಿ...” ಶರ್ಫುದ್ದೀನ್ ಗೋಡೆಗೆ ಒರಗಿದ. “ಅವನಿಗೆ ಗೊತ್ತಾಯ್ತಾ?”

“ಇಲ್ಲ. ಹೇಗೆ ಹೇಳುವುದು?”

“ಹೇಳುವುದಾ? ನಿಮಗೆ ಮರ್ಲಾ, ತಲೆ ಸರಿ ಉಂಟಾ? ನಾವು ಯಾರಿಗಾದ್ರೂ ಹೀಗೆ ಮುಖಕ್ಕೆ ಹೇಳಿದ್ದುಂಟಾ ಪೊರ್ಬುಗಳೇ? ‘ಸ್ವಲ್ಪ ಸೀರಿಯಸ್’ ಅನ್ನುವ. ನಾನು ಟಿಕೆಟ್ ನೋಡ್ತೇನೆ. ಅವನ ಫೋನ್ ಅವನ ಕೈಗೆ ಕೊಡಬೇಡಿ.”

ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಫಿನಲ್ಲಿರುವವನ ಮನೆಯಲ್ಲಿ ಸಾವಾದರೆ ಸುದ್ದಿ ಮೊದಲು ರೂಮಿನವರಿಗೆ ಬರುತ್ತದೆ, ಅವನಿಗೆ ಅಲ್ಲ. ರೂಮಿನವರು ಅವನ ಫೋನು ಅಡಗಿಸುತ್ತಾರೆ, ಬಟ್ಟೆ ತುಂಬುತ್ತಾರೆ, ‘ಅಮ್ಮನಿಗೆ ಸ್ವಲ್ಪ ಜಾಸ್ತಿಯಂತೆ, ಒಮ್ಮೆ ಹೋಗಿ ನೋಡಿ ಬಾ’ ಎನ್ನುತ್ತಾರೆ. ಅವನು ನಂಬುತ್ತಾನೆ, ಅಥವಾ ನಂಬಿದ ಹಾಗೆ ಮಾಡುತ್ತಾನೆ. ಕಡಲಿನಾಚೆ ಒಬ್ಬನೇ ಕೂತು ಸಾವು ಹೊರುವುದು ಯಾರಿಗೂ ಬೇಡ ಎಂದು ನಾವು ಮಾಡಿಕೊಂಡ ರೂಢಿ ಅದು. ಗ್ಲಾಡ್ವಿನ್‌ನ ಅಮ್ಮ ತೀರಿಕೊಂಡಾಗಲೂ ಹಮ್ರಿಯಾದ ರೂಮಿನವರು ಹೀಗೇ ಮಾಡಿದ್ದರು. ಅವನು ವಿಮಾನದಲ್ಲಿ ಕೊಟ್ಟ ಊಟ ತಿಂದ, ಅಮ್ಮನನ್ನು ಯಾವ ಆಸ್ಪತ್ರೆಗೆ ಸೇರಿಸಲಿ ಎಂದು ಲೆಕ್ಕ ಹಾಕಿದ. ಗೊತ್ತಾದದ್ದು ಅಂಗಳದಲ್ಲಿ ಶಾಮಿಯಾನ ಕಂಡಾಗ. “ಆ ವಿಮಾನದಲ್ಲಿ ನನಗೆ ಅಮ್ಮ ಇದ್ದಳು ಕಾಕ,” ಎಂದು ನನಗೇ ಎಷ್ಟೋ ಸಲ ಹೇಳಿದ್ದಾನೆ. “ಅದು ಅವರು ನನಗೆ ಕೊಟ್ಟ ಉಡುಗೊರೆ.” ತಾನು ಪಡೆದ ಉಡುಗೊರೆಯನ್ನೇ ಅವನು ಆಂಡ್ರಿಯಾನಿಗೆ ಕೊಡಲು ಹೊರಟ. ಅದು ಅವನಿಗೂ ಉಡುಗೊರೆಯೇ ಆಗುತ್ತದೆಯೋ ಇಲ್ಲವೋ ಎಂದು ಯೋಚಿಸಲಿಲ್ಲ. ನಾನಾದರೂ ಯೋಚಿಸುತ್ತಿರಲಿಲ್ಲ. ನೀವೂ ಅಷ್ಟೇ.

ಒಳಗೆ ಆಂಡ್ರಿಯಾ ಹಣೆಗೆ ಐಸು ಒತ್ತಿಕೊಂಡು ಕೂತಿದ್ದ.

“ಅಪ್ಪ ನೋಡಿದನಾ ಅದನ್ನು?”

“ನೋಡಿದ್ರು. ಬ್ರಾವೋ ಅಂದ್ರು. ಎದ್ದು ನಿಂತು ಕೂಗಿದ್ರು.”

ಆಂಡ್ರಿಯಾ ಐಸು ಕೆಳಗಿಟ್ಟ. ಆ ಮುಖವನ್ನು ಗ್ಲಾಡ್ವಿನ್‌ಗೆ ಇಂದಿಗೂ ವರ್ಣಿಸಲು ಬರುವುದಿಲ್ಲ. ಹೇಳಲು ಹೊರಟರೆ ಅವನದೇ ಮುಖ ಹಾಗಾಗುತ್ತದೆ.

“ನಿಜವಾಗಿ? ಅದೇ ಮಾತಾ?”

“ಅದೇ ಮಾತು. ದೇವರಾಣೆ.”

“ಈಗಲೂ ನೋಡ್ತಾ ಇದ್ದಾನಾ?”

ಗ್ಲಾಡ್ವಿನ್ ಫೋನನ್ನು ಬೆನ್ನ ಹಿಂದಕ್ಕೆ ಸರಿಸಿದ.

“ನೋಡ್ತಾ ಇದ್ದಾರೆ.”

ಒಂದೇ ಉಸಿರಿನಲ್ಲಿ ಒಂದು ನಿಜ, ಅದರ ಬೆನ್ನಿಗೇ ಒಂದು ಸುಳ್ಳು. ಹಾಲಿನ ಪಾತ್ರೆಗೆ ಹುಳಿ ಬಿದ್ದ ಹಾಗೆ.

ಎರಡನೆಯ ಅರ್ಧದಲ್ಲಿ ಗ್ಲಾಡ್ವಿನ್ ಐಸ್ ಪೆಟ್ಟಿಗೆಯ ಮೇಲೆ ಕೂತು ಆರಿಸಿದ ಫೋನನ್ನು ಎತ್ತಿ ಹಿಡಿದ. ಪರದೆಯಲ್ಲಿ ಮೈದಾನದ ದೀಪಗಳು ಮಾತ್ರ ಮಿನುಗುತ್ತಿದ್ದವು. ಆಂಡ್ರಿಯಾ ಆ ದಿನ ಆಡಿದ ಆಟವನ್ನು ಬರ್ಕಾದ ಜನ ಇನ್ನೂ ಹೇಳುತ್ತಾರೆ. ಇಪ್ಪತ್ತರ ಹುಡುಗನ ಹಾಗೆ ಓಡಿದ, ನಗುತ್ತಾ ಓಡಿದ. ಚೆಂಡು ತಡೆದಾಗಲೆಲ್ಲ ತಿರುಗಿ ಫೋನಿಗೆ ಹೆಬ್ಬೆರಳು ಎತ್ತಿದ. ಅವನು ಎತ್ತಿದಾಗಲೆಲ್ಲ ಗ್ಲಾಡ್ವಿನ್ ಫೋನನ್ನು ಇನ್ನೂ ಮೇಲಕ್ಕೆ ಎತ್ತಿದ. ಕೈ ಸೋತರೂ ಇಳಿಸಲಿಲ್ಲ. ಕೊನೆಗೆ ಮೊಣಕಾಲು ತಿರುಚಿಕೊಂಡದ್ದು ಎಲ್ಲರಿಗೂ ಕಂಡಿತು, ಆದರೂ ಅವನು ಹೊರಗೆ ಬರಲಿಲ್ಲ. ಒಂಟಿ ಕಾಲಿನಲ್ಲಿ ನಿಂತೇ ತಡೆದ. ಸೊನ್ನೆಗೆ ಸೊನ್ನೆ. ಡಿಫೆಂಡರಿಗೆ ಅದಕ್ಕಿಂತ ಚಂದದ ಅಂಕೆ ಇಲ್ಲ. ಕ್ಲಬ್ಬು ಮೇಲಕ್ಕೆ ಹತ್ತಿತು, ಜನ ಮೈದಾನಕ್ಕೆ ನುಗ್ಗಿದರು. ತಡೆದವನನ್ನು ಜನ ಹೆಗಲ ಮೇಲೆ ಹೊತ್ತದ್ದನ್ನು ಗ್ಲಾಡ್ವಿನ್ ನೋಡಿದ್ದು ಅದೊಂದೇ ಸಲ.

ಹೆಗಲಿನಿಂದ ಇಳಿದವನು ಕುಂಟುತ್ತಾ ನೇರ ಇವನ ಬಳಿಗೆ ಬಂದ. “ಪಾಪಾ!” ಎಂದು ಫೋನಿಗೆ ಕೈ ಚಾಚಿದ.

“ಚಾರ್ಜ್ ಹೋಯ್ತು, ಈಗಷ್ಟೇ,” ಎಂದು ಗ್ಲಾಡ್ವಿನ್ ಫೋನನ್ನು ಕಿಸೆಗೆ ಹಾಕಿಕೊಂಡ.

ಶರ್ಫುದ್ದೀನ್ ಹತ್ತಿರ ಬಂದು, ಆಂಡ್ರಿಯಾನ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಹೇಳುವ ಆ ಮಾತು ಹೇಳಿದ. ಆಟದ ನಂತರ ಅಪ್ಪನಿಗೆ ಸ್ವಲ್ಪ ಎದೆನೋವು ಬಂದಿದೆ, ಆಸ್ಪತ್ರೆಗೆ ಒಯ್ದಿದ್ದಾರೆ, ತಂಗಿ ಕ್ಲಬ್ಬಿಗೆ ಫೋನ್ ಮಾಡಿದ್ದಳು, ಇವತ್ತೇ ಹೊರಡುವುದು ಒಳ್ಳೆಯದು. ಆಂಡ್ರಿಯಾ ಹೆದರಿದ, ಆದರೆ ನಂಬಿದ. “ಬಹಳ ಖುಷಿಯಾಗಿ ನೋವು ಬಂದಿರಬೇಕು,” ಎಂದ.

ಮಸ್ಕತ್ತಿನ ದಾರಿಯುದ್ದಕ್ಕೂ ಅವನೇ ಮಾತು. ಅಪ್ಪನನ್ನು ನೋಡಿದ ಕೂಡಲೇ ಏನು ಹೇಳುವುದು, ಅಪ್ಪ ಹೇಗೆ ಏನೂ ಆಗದವನ ಹಾಗೆ ‘ಊಟ ಮಾಡಿದೆಯಾ’ ಎಂದು ಕೇಳುತ್ತಾನೆ, ಆಗ ತಾನು ಹೇಗೆ ಬಿಡದೆ ‘ಇನ್ನೊಮ್ಮೆ ಹೇಳು, ನನ್ನೆದುರು ಹೇಳು’ ಎಂದು ಕಾಡುವುದು. ನಡುವೆ ಚಾರ್ಜರ್ ಕೇಳಿದ. “ಕಾರಿನದ್ದು ಹಾಳಾಗಿದೆ,” ಎಂದ ಗ್ಲಾಡ್ವಿನ್. ಹಾಳಾಗಿರಲಿಲ್ಲ. ಸ್ಟೇರಿಂಗ್ ಹಿಡಿದ ತನ್ನ ಎರಡು ಕೈಗಳನ್ನೇ ನೋಡುತ್ತಾ ಓಡಿಸಿದ. ಏರ್‌ಪೋರ್ಟಿನಲ್ಲಿ ಇಳಿಸುವಾಗ ಫೋನು ಕೊಟ್ಟ. ಆಂಡ್ರಿಯಾ ಅವನನ್ನು ಅಪ್ಪಿಕೊಂಡು, “ನೀನು ಎತ್ತಿ ಹಿಡಿಯದಿದ್ದರೆ ಅಪ್ಪ ನೋಡುತ್ತಲೇ ಇರಲಿಲ್ಲ,” ಎಂದ. ಬೂಟುಗಳನ್ನು ಚೀಲದಿಂದ ತೆಗೆದು ಸೀಟಿನ ಮೇಲಿಟ್ಟ. “ನಿನಗೆ. ಖಲಾಸ್.”

ಗ್ಲಾಡ್ವಿನ್ ಇನ್ನೂ ಪಾರ್ಕಿಂಗಿನಿಂದ ಹೊರಗೆ ಬಂದಿರಲಿಲ್ಲ, ಫೋನು ಬಡಿದುಕೊಂಡಿತು.

“ಫೋನು ಹಚ್ಚಿದೆ, ಚಾರ್ಜ್ ಇತ್ತು. ತಂಗಿಯ ಮೆಸೇಜು ನೋಡಿದೆ,” ಎಂದ ಆಂಡ್ರಿಯಾ. ದನಿಯಲ್ಲಿ ಏನೂ ಇರಲಿಲ್ಲ. “ಅರ್ಧ ಸಮಯದಲ್ಲೇ ನಿನಗೆ ಗೊತ್ತಿತ್ತು.”

“ಆಂಡ್ರಿಯಾ, ನಮ್ಮಲ್ಲಿ ಹೀಗೇ, ನಾವು...”

“ನಾನು ಯಾರಿಗೆ ಕೈ ಎತ್ತುತ್ತಿದ್ದೆ?”

ಗ್ಲಾಡ್ವಿನ್ ಕಾರನ್ನು ಬದಿಗೆ ನಿಲ್ಲಿಸಿದ.

“ನಮ್ಮಲ್ಲಿ ಆಟಗಾರನ ಅಪ್ಪ ಸತ್ತರೆ ತೋಳಿಗೆ ಕಪ್ಪು ಪಟ್ಟಿ ಕಟ್ಟುತ್ತೇವೆ. ಎರಡೂ ತಂಡಗಳು ಸಾಲಾಗಿ ನಿಲ್ಲುತ್ತವೆ. ಇಡೀ ಮೈದಾನ ಒಂದು ನಿಮಿಷ ಉಸಿರೆತ್ತುವುದಿಲ್ಲ. ಅಪ್ಪನಿಗೆ ನಾನು ಕೊಡಬಹುದಾಗಿದ್ದದ್ದು ಅದೊಂದೇ. ನೀನು ಅದನ್ನು ಕದ್ದೆ. ಜನ ನನ್ನನ್ನು ಹೆಗಲ ಮೇಲೆ ಕುಣಿಸುವಾಗ ಅಪ್ಪ ಕುರ್ಚಿಯಲ್ಲಿ ತಣ್ಣಗಾಗುತ್ತಿದ್ದ.”

“ಅದು ನನ್ನ ತಪ್ಪು. ಆದರೆ ಬಾಪ್ಪು ಬ್ರಾವೋ ಅಂದದ್ದು...”

“ಸಾಕು. ಆ ಮಾತಿಗೆ ನಾನು ಕಾಯುತ್ತಿದ್ದದ್ದು ನಿನಗೆ ಮಾತ್ರ ಗೊತ್ತಿತ್ತು. ಅದನ್ನೇ ಕಟ್ಟಿ ಹೇಳಿದೆ, ನಾನು ಆಡಲಿ ಅಂತ. ಅಪ್ಪ ಊಟ ಆದ ಮೇಲೆ ಮಲಗಿದ ಹಾಗೇ ಕೂತಿದ್ದನಂತೆ, ಫೋನು ಮೇಜಿನ ಮೇಲೆ ಕವುಚಿ ಬಿದ್ದಿತ್ತಂತೆ. ತಂಗಿ ಹೇಳಿದಳು. ಅಪ್ಪ ಏನೂ ನೋಡಲಿಲ್ಲ.”

ಫೋನು ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಹೋಗಲಿಲ್ಲ. ನಂಬರು ಬ್ಲಾಕು.

ಮೊಣಕಾಲಿನಿಂದಾಗಿ ಆಂಡ್ರಿಯಾ ಮತ್ತೆ ಆಡಲಿಲ್ಲ ಎಂದು ಕ್ಲಬ್ಬಿಗೆ ಯಾರೋ ಹೇಳಿದರು. ಶರ್ಫುದ್ದೀನ್ ಕ್ಷಮೆ ಕೇಳಿ ತಂಗಿಗೆ ಬರೆದ. ‘ಅಪ್ಪ ನಿದ್ದೆಯಲ್ಲಿ ಹೋದರು, ನಮ್ಮನ್ನು ಬಿಟ್ಟುಬಿಡಿ’ ಎಂದು ಉತ್ತರ ಬಂತು, ಆಮೇಲೆ ಅಲ್ಲೂ ಬಾಗಿಲು ಮುಚ್ಚಿತು. ಅವಳು ಸುಳ್ಳು ಹೇಳಿದ್ದಲ್ಲ. ಅವಳು ಒಳಗೆ ಬಂದಾಗ ಕಂಡದ್ದು ಅಷ್ಟೇ.

ಮುಂದಿನ ವರ್ಷ ಕ್ಲಬ್ಬು ಮೇಲಿನ ದರ್ಜೆಯಲ್ಲಿ ಆಡಿದ ಮೊದಲ ಆಟದ ದಿನ ಗ್ಲಾಡ್ವಿನ್ ತನ್ನ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಐಸ್ ಪೆಟ್ಟಿಗೆಯ ಮೇಲೆ ಕೂತ. ಹೊಸ ಹುಡುಗರು, ಯಾರು ಸತ್ತದ್ದು ಎಂದು ಕೇಳಿದರು. “ನಮ್ಮ ಬಾಪ್ಪು,” ಎಂದ. ಶರ್ಫುದ್ದೀನ್ ಆ ದಿನ ಕೆಣಕಲಿಲ್ಲ. ಬಂದು ಪಕ್ಕದಲ್ಲಿ ನಿಂತ, ಹೋದ.

ಇನ್ನು ಆ ಮಾತು. ಅದು ಇವನ ಕಿವಿಯಲ್ಲೇ ಇತ್ತು. ತಿಂಗಳುಗಳಾದ ಮೇಲೆ ಮಸ್ಕತ್ತಿನ ರೂವಿಯ ಚರ್ಚಿನಲ್ಲಿ ಶುಕ್ರವಾರದ ಪೂಜೆಗೆ ಬಂದ ಇಟಾಲಿಯನ್ ಹೆಂಗಸು ಒಬ್ಬಳು ಸಿಕ್ಕಳು, ಯಾವುದೋ ಎಂಜಿನಿಯರನ ಹೆಂಡತಿ. ಇವನು ಅವಳ ಹಿಂದೆ ಹಿಂದೆ ಹೋಗಿ, ಮೆಟ್ಟಿಲಿನ ಬಳಿ ನಿಲ್ಲಿಸಿ ಕೇಳಿದ. “ನೆಯಾಂಕೆ ಊನಾ ಪಿಯಾಸ್ತ್ರೆಲ್ಲಾ ಅಂದರೆ ಏನು ಮೇಡಂ?”

ಅವಳು ಇನ್ನೊಮ್ಮೆ ಹೇಳಿಸಿ, ಯೋಚಿಸಿ, “ಒಂದು ಹಂಚೂ ಇಲ್ಲ ಅಂತ. ಹಂಚು, ಟೈಲ್ಸು. ಇದನ್ನು ಯಾರು ಹೇಳಿದರು ನಿಮಗೆ?” ಎಂದು ಕೇಳಿದಳು.

ಗ್ಲಾಡ್ವಿನ್ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನ ಅಪ್ಪನೂ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಒಣಗಲಿಟ್ಟ ಹಂಚಿನ ರಾಶಿಗಳ ನಡುವೆಯೇ ಇವನೂ ಚೆಂಡು ಆಡಿದ್ದು. ಚೆಂಡು ರಾಶಿಗೆ ತಾಗದ ಹಾಗೆ ಒಬ್ಬ ಕಾಯಬೇಕು. ಸಂಜೆ ಅಪ್ಪ ಕೇಳುವುದು ಒಂದೇ ಮಾತು, ‘ಹಂಚು ಒಡೆಯಿತಾ?’ ಇಲ್ಲ ಎಂದರೆ ತಲೆ ಸವರುವರು. ಆಂಡ್ರಿಯಾ ಕಾರ್ಖಾನೆ ಎಂದಿದ್ದ, ಎಂಥ ಕಾರ್ಖಾನೆ ಎಂದು ಹೇಳಿರಲಿಲ್ಲ, ಇವನು ಕೇಳಿರಲೂ ಇಲ್ಲ. ಮುದುಕ ಕೊನೆಯ ಗಳಿಗೆಯಲ್ಲಿ ಕಂಡದ್ದು ಬರ್ಕಾದ ಮೈದಾನವನ್ನಲ್ಲ. ಹಂಚಿನ ರಾಶಿಯ ಮುಂದೆ ಕಾಯುತ್ತಾ ನಿಂತ, ಒಂದು ಹಂಚೂ ಒಡೆಯಲು ಬಿಡದ ತನ್ನ ಮಗುವನ್ನು.

ಇದು ಗ್ಲಾಡ್ವಿನ್‌ನ ಊಹೆ, ಇರಲಿ. ಆದರೆ ಬುದ್ಧಿ ಇದ್ದರೆ ಯೋಚಿಸಿ. ಸುಳ್ಳು ಕಟ್ಟುವವನು ‘ಶಾಭಾಸ್ ಮಗನೇ’ ಎಂದು ಕಟ್ಟುತ್ತಾನೆ. ಫುಟ್‌ಬಾಲ್ ಮೈದಾನದಲ್ಲಿ ಹಂಚು ಎಂದು ಯಾವ ಸುಳ್ಳುಗಾರ ಕಟ್ಟುತ್ತಾನೆ? ಅದು ಆ ಅಪ್ಪನಿಗೆ ಮತ್ತು ಆ ಮಗನಿಗೆ ಮಾತ್ರ ಸೇರಿದ ಮಾತು. ಕೇಳಿದರೆ ಅವನಿಗೆ ತಿಳಿಯುತ್ತದೆ.

ಗ್ಲಾಡ್ವಿನ್ ಈಗಲೂ ಬರ್ಕಾದಲ್ಲೇ ಇದ್ದಾನೆ. ಬೂಟು ಯಾರಿಗೂ ಕೊಟ್ಟಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲವಂತೆ. “ನನ್ನನ್ನು ಬೈಯುತ್ತಲೇ ಇರಲಿ ಕಾಕ, ಅಪ್ಪ ನೋಡಿದರು ಅಂತ ಗೊತ್ತಾದ್ರೆ ಸಾಕು,” ಎನ್ನುತ್ತಾನೆ.

ಹಾಗಾಗಿ ಕೇಳಿ, ನಗುವ ಮುಖದವರೇ. ನಮ್ಮೂರಿನ ಎಷ್ಟೋ ಸಿಸ್ಟರುಗಳು ಇಟಲಿಯ ಕಾನ್ವೆಂಟುಗಳಲ್ಲಿದ್ದಾರೆ. ನಿಮ್ಮಲ್ಲೇ ಯಾರದೋ ನಾದಿನಿ ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ, ಯಾರದೋ ಭಾವ ಹಡಗಿನಲ್ಲಿ ಅಲ್ಲಿನ ಬಂದರಿಗೆ ಹೋಗುತ್ತಾನೆ. ಇದನ್ನು ಅವರಿಗೆ ಕಳಿಸಿ. ಅವರು ಇನ್ನೊಬ್ಬರಿಗೆ ಕಳಿಸಲಿ. ಹಂಚಿನ ಕಾರ್ಖಾನೆಯ ಚಿಪ್ರಿಯಾನೋನ ಮಗ, ಬಲಗಾಲು ಎಳೆಯುವ, ಬಾಗಿಲಷ್ಟು ಅಗಲದ ಆಂಡ್ರಿಯಾ ಎಲ್ಲಿದ್ದರೂ ಅವನ ಕಿವಿಗೆ ಇಷ್ಟು ಬೀಳಲಿ. ಉಳಿದದ್ದು ಮರೆತರೂ ಚಿಂತೆಯಿಲ್ಲ, ಈ ಒಂದು ಮಾತನ್ನು ಅಕ್ಷರ ತಪ್ಪದೆ ದಾಟಿಸಿ: ನೆಯಾಂಕೆ ಊನಾ ಪಿಯಾಸ್ತ್ರೆಲ್ಲಾ.